ಆಸ್ಪತ್ರೆ ಕಟ್ಟಡದ ಕಮಿಷನಿಂಗ್: ಕಾಲೇಜನ್ನು ಯಾವಾಗ ಕರೆಯಬೇಕು?

ಕಟ್ಟಡವನ್ನು ಆಸ್ಪತ್ರೆಗೆ ಒಪ್ಪಿಸುವ ಮೊದಲು ಗಾಳಿ, ಕರೆಂಟು, ನೀರು, ಆಕ್ಸಿಜನ್ ಲೈನು ಎಲ್ಲವನ್ನೂ ಓಡಿಸಿ, ಅಳೆದು, ಬರೆದಿಡುವ ಕೆಲಸವೇ ಕಮಿಷನಿಂಗ್. ಟೇಪು ಕತ್ತರಿಸುವುದು ಆಮೇಲೆ. ಕಂಪನಿಗಳೂ ವಿಶ್ವವಿದ್ಯಾಲಯಗಳೂ ಇದರಲ್ಲಿ ಕೈಜೋಡಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಬ್ರಿಟನ್ನಿನಲ್ಲಿ 2006ರಲ್ಲಿ ಇಂಪೀರಿಯಲ್, ಲಫ್ಬರೊ, ರೆಡಿಂಗ್, ಸಾಲ್ಫರ್ಡ್ ವಿಶ್ವವಿದ್ಯಾಲಯಗಳು ಸೇರಿ ಆಸ್ಪತ್ರೆ ಕಟ್ಟಡಗಳ ಸಂಶೋಧನೆಗೆ ಹ್ಯಾಸಿರಿಕ್ ಎಂಬ ಕೇಂದ್ರ ಶುರು ಮಾಡಿದವು. ಆದರೆ ಕೈಜೋಡಿಸುವುದು ಯಾವ ಹಂತದಲ್ಲಿ? ಅಸಲಿ ಪ್ರಶ್ನೆ ಅದು.

ಎಡಿನ್‌ಬರೊದ ಮಕ್ಕಳ ಆಸ್ಪತ್ರೆ ನೋಡಿ. 2019ರ ಜುಲೈನಲ್ಲಿ ರೋಗಿಗಳನ್ನು ಹೊಸ ಕಟ್ಟಡಕ್ಕೆ ಸಾಗಿಸಲು ಕೆಲವೇ ದಿನ ಇದ್ದಾಗ ಸ್ಕಾಟ್ಲೆಂಡ್ ಸರ್ಕಾರ ತಡೆಯಿತು. ತೀವ್ರ ನಿಗಾ ಕೋಣೆಗಳಲ್ಲಿ ಗಂಟೆಗೆ 10 ಸಲ ಗಾಳಿ ಬದಲಾಗಬೇಕು. ಕೆಲವು ಕೋಣೆಗಳಿಗೆ ಕೊಟ್ಟದ್ದು 4. ಯಂತ್ರ ಕೆಟ್ಟಿರಲಿಲ್ಲ. ಯಾವ ಕೋಣೆಗೆ ಎಷ್ಟು ಗಾಳಿ ಬೇಕು ಅಂತ 2012ರಲ್ಲಿ ತಯಾರಾದ ಕೋಣೆವಾರು ಪಟ್ಟಿಯಲ್ಲೇ ಆ 4 ಕೂತಿತ್ತು. ಕಟ್ಟಡ ಪೂರ್ತಿ ತೆರೆಯಲು 2021ರ ಮಾರ್ಚ್ ಬೇಕಾಯಿತು. ಪಟ್ಟಿಯೇ ತಪ್ಪಾದರೆ, ಪಟ್ಟಿಗೆ ಹೋಲಿಸಿ ಮಾಡುವ ಪರೀಕ್ಷೆ ಸಲೀಸಾಗಿ ಪಾಸಾಗುತ್ತದೆ, ಅಲ್ವಾ?

4ಕ್ಕೂ 10ಕ್ಕೂ ಎಷ್ಟು ವ್ಯತ್ಯಾಸ? ಕೋಣೆಯ ಗಾಳಿಯಲ್ಲಿರುವ ಸೋಂಕಿನ ಕಣಗಳಲ್ಲಿ ಶೇ. 99ರಷ್ಟು ಹೊರಹೋಗಲು ಬೇಕಾದ ನಿಮಿಷ = 276 ÷ ಗಂಟೆಗೆ ಗಾಳಿ ಬದಲಾಗುವ ಸಲ. 4ಕ್ಕೆ 69 ನಿಮಿಷ, 10ಕ್ಕೆ 28. (100ರ ಸಹಜ ಲಾಗರಿದಮ್ 4.6, ಅದನ್ನು 60ರಿಂದ ಗುಣಿಸಿದರೆ 276. ಗಾಳಿ ಚೆನ್ನಾಗಿ ಬೆರೆಯುತ್ತದೆ ಅಂತ ಇಟ್ಟುಕೊಂಡ ಲೆಕ್ಕ ಇದು. ಮೂಲೆಗಳಲ್ಲಿ ಇನ್ನೂ ಜಾಸ್ತಿ ಹೊತ್ತು ಬೇಕು.)

ಇದನ್ನು ನಮ್ಮ ಕ್ಲಾಸ್‌ರೂಮಿನಲ್ಲೇ ಅಳೆಯಬಹುದು. ಒಳಗೆ ಜನ ಕೂತು ಕಾರ್ಬನ್ ಡೈಆಕ್ಸೈಡ್ ಏರಲಿ. ಆಮೇಲೆ ಎಲ್ಲರೂ ಹೊರಬಂದು ಮೀಟರ್ ಇಳಿಯುವುದನ್ನು ಬರೆದುಕೊಳ್ಳಿ. ಹೊರಗಿನ ಗಾಳಿಗಿಂತ ಹೆಚ್ಚಿದ್ದ ಭಾಗ ಶೇ. 37ಕ್ಕೆ ಇಳಿಯಲು 15 ನಿಮಿಷ ಹಿಡಿದರೆ ಗಂಟೆಗೆ 4 ಸಲ, 6 ನಿಮಿಷವಾದರೆ 10 ಸಲ. ಒಂದು ಎಚ್ಚರಿಕೆ: ಮೀಟರ್ ಹೇಳುವುದು ಹೊಸ ಗಾಳಿಯ ಲೆಕ್ಕ ಮಾತ್ರ. ಆಪರೇಷನ್ ಥಿಯೇಟರಿನಲ್ಲಿ ಹೆಪಾ ಫಿಲ್ಟರ್ (ಅತಿ ಸಣ್ಣ ಕಣಗಳನ್ನೂ ಹಿಡಿಯುವ ಸೋಸುಕ) ದಾಟಿ ಮರಳಿ ಬರುವ ಗಾಳಿಯೂ ಇರುತ್ತದೆ. ಅಲ್ಲಿ ಗ್ರಿಲ್ ಹತ್ತಿರ ಗಾಳಿಯ ವೇಗವನ್ನೂ ಅಳೆಯಬೇಕು.

ಈಗ ನಮ್ಮ ಊರಿಗೆ ಬನ್ನಿ. ಹಾಸನದಲ್ಲಿ 1960ರಿಂದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ, 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಹಾಸನ ಸಮುದ್ರ ಮಟ್ಟಕ್ಕಿಂತ ಸಾವಿರ ಮೀಟರಿಗೆ ಹತ್ತಿರ ಎತ್ತರದಲ್ಲಿದೆ. ಹೀಗಾಗಿ ಗಾಳಿಯ ಸಾಂದ್ರತೆ ಸುಮಾರು ಶೇ. 10 ಕಡಿಮೆ. ಸಕ್ಷನ್ ಲೈನಿನ (ರೋಗಿಯ ದೇಹದಿಂದ ಕಫ, ರಕ್ತ ಹೀರಿ ತೆಗೆಯುವ ಕೊಳವೆ) ಪಂಪು ಎಷ್ಟೇ ದುಬಾರಿಯಾದರೂ ಇಲ್ಲಿ ಎಳೆಯಬಲ್ಲದ್ದು ಹೆಚ್ಚೆಂದರೆ 680 ಮಿಲಿಮೀಟರ್ ಪಾದರಸದ ಆಸುಪಾಸು. ಕರಾವಳಿಯಲ್ಲಾದರೆ ಆ ಮಿತಿ 760. ಕಂಪ್ರೆಸರ್ ಕೂಡ ಕ್ಯಾಟಲಾಗಿನಲ್ಲಿ ಬರೆದಷ್ಟು ಗಾಳಿ ಕೊಡುವುದಿಲ್ಲ. ಟೆಂಡರ್ ಪಟ್ಟಿ ಬರೆಯುವಾಗಲೇ ಇದನ್ನು ಹಿಡಿಯಲು ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರೊಬ್ಬರು ಸಾಕು. ಥಿಯೇಟರ್ ನರ್ಸ್ ಒಬ್ಬರೂ ಪಕ್ಕದಲ್ಲಿರಬೇಕು. ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ ಅಂತ ಗೊತ್ತಿರುವುದು ಅವರಿಗೇ.

ಇನ್ನು ದುಡ್ಡು. ಕಾಲೇಜಿಗೆ ಫೀಸು ಆಸ್ಪತ್ರೆಯ ಕಡೆಯಿಂದ ಬರಬೇಕು. ಕಂಟ್ರಾಕ್ಟರ್ ಕೊಟ್ಟರೆ, ಅಳೆಯುವವರೇ ಕಂಟ್ರಾಕ್ಟರ್ ಬಿಲ್ ಪಾಸಾಗಲಿ ಅಂತ ಕಾಯುವಂತಾಗುತ್ತದೆ. ಕಂಟ್ರಾಕ್ಟರ್ ಕೂತು ಪರೀಕ್ಷೆ ನೋಡಲಿ, ಆಕ್ಷೇಪ ಇದ್ದರೆ ಅದೇ ವರದಿಯಲ್ಲಿ ಬರೆಯಲಿ. ವಿದ್ಯಾರ್ಥಿಗಳು ಅಳತೆ ತೆಗೆಯಬಹುದು, ಸಹಿ ಮಾತ್ರ ಮೇಷ್ಟ್ರದ್ದು.