ಲಿವರನ್ನು ಒತ್ತಿ ನೋಡುವುದು ಹೇಗೆ?

ಗೋಣಿಕೊಪ್ಪದ ಸಂತೆಯಲ್ಲಿ ಬಟರ್ ಫ್ರೂಟ್ ಕೊಳ್ಳುವವರ ಹೆಬ್ಬೆರಳು ಗಮನಿಸಿ. ಮೆಲ್ಲಗೆ ಒತ್ತುತ್ತಾರೆ, ಗಟ್ಟಿಯಿದ್ದರೆ ವಾಪಸ್ ಇಡುತ್ತಾರೆ. ಡಾಕ್ಟರು ಹೊಟ್ಟೆ ಅದುಮಿ ನೋಡುವುದೂ ಹೆಚ್ಚು ಕಡಿಮೆ ಹೀಗೇ. ಆದರೆ ಲಿವರಿನ ಬಹುಪಾಲು ಪಕ್ಕೆಲುಬಿನ ಹಿಂದೆ ಅಡಗಿದೆ. ಅಲ್ಲಿಗೆ ಬೆರಳು ಹೋಗುವುದಿಲ್ಲ.

ಅಲ್ಲಿಗೆ ಹೋಗುವುದು ಅಲೆ. ಒಳಗಿನ ಅಂಗ ಎಷ್ಟು ಗಟ್ಟಿ ಎಂದು ಹೊರಗಿನಿಂದಲೇ ಅಳೆಯುವುದಕ್ಕೆ ಎಲಾಸ್ಟೋಗ್ರಫಿ ಎಂಬ ಹೆಸರು 1991ರಲ್ಲಿ ಜೊನಾಥನ್ ಓಫಿರ್ ತಂಡದ ಪ್ರಬಂಧದಿಂದ ಬಂತು. ಅವರು ಒತ್ತುವ ಮುಂಚೆ ಮತ್ತು ಒತ್ತಿದ ಮೇಲೆ ಸಿಕ್ಕ ಅಲ್ಟ್ರಾಸೌಂಡ್ ಸಿಗ್ನಲ್‌ಗಳನ್ನು ಹೋಲಿಸಿದರು. ಸ್ತನದ, ಥೈರಾಯ್ಡಿನ ಗಂಟು ನೋಡಲು ಆ ಉಪಾಯ ಇಂದಿಗೂ ಬಳಕೆಯಲ್ಲಿದೆ. ಲಿವರಿಗೆ ಬೇರೆ ದಾರಿ. ಪಕ್ಕೆಲುಬುಗಳ ನಡುವೆ ಪ್ರೋಬ್ ಇಟ್ಟು ಟಪ್ ಎಂದು ಚರ್ಮಕ್ಕೆ ತಟ್ಟುತ್ತಾರೆ. ನೋವೇನಿಲ್ಲ. ಆ ತಟ್ಟಿಗೆ ಒಂದು ಅಲೆ ಎದ್ದು ಲಿವರಿನೊಳಗೆ ಓಡುತ್ತದೆ.

ಮಳೆಗಾಲದಲ್ಲಿ ಜಗಲಿಗೆ ಕಟ್ಟುವ ಬಟ್ಟೆ ಹಗ್ಗ ನೆನಪಿಸಿಕೊಳ್ಳಿ. ಬಿಗಿಯಾಗಿದ್ದರೆ, ಈ ತುದಿ ತಟ್ಟಿದ ಅಲುಗಾಟ ಸರ್ರನೆ ಆ ತುದಿಗೆ ಓಡುತ್ತದೆ. ಸಡಿಲವಿದ್ದರೆ ನಿಧಾನ. ಆರೋಗ್ಯದ ಲಿವರಿನಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಕಲೆಗಟ್ಟಿ ಗಟ್ಟಿಯಾದಷ್ಟೂ ವೇಗ ಜಾಸ್ತಿ. ಅಲ್ಟ್ರಾಸೌಂಡಾದರೋ ಮೈಯೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ, ಹಾಗಾಗಿ ಈ ಆಮೆಯನ್ನು ಹೆಜ್ಜೆಹೆಜ್ಜೆಗೂ ಹಿಡಿಯಬಲ್ಲದು. ವೇಗ ಎರಡು ಪಟ್ಟಾದರೆ ಗಟ್ಟಿತನ ನಾಲ್ಕು ಪಟ್ಟು! ಸಾಮಾನ್ಯವಾಗಿ ಹತ್ತು ಸಲ ಅಳೆದು, ನಡುವಿನ ಬೆಲೆಯನ್ನು ಗಟ್ಟಿತನದ ಅಳತೆಯಾದ ಕಿಲೋಪಾಸ್ಕಲ್‌ನಲ್ಲಿ ಬರೆದುಕೊಡುತ್ತಾರೆ. ಸೂಜಿ ಹಾಕಿ ತೆಗೆಯುವ ಬಯಾಪ್ಸಿ ತುಣುಕು ಲಿವರಿನ ಐವತ್ತು ಸಾವಿರದಲ್ಲಿ ಒಂದು ಪಾಲಷ್ಟೇ. ಹಾಗಂತ ಬಯಾಪ್ಸಿಯ ಕಾಲ ಮುಗಿದಿಲ್ಲ, ಅದರ ಅಗತ್ಯ ಕಡಿಮೆಯಾಗಿದೆ.

ನನ್ನ ತಕರಾರು ಇರುವುದು ಆ ಒಂದೇ ಅಂಕಿಯನ್ನು ನೋಡಿ ಹೆದರುವವರ ಮೇಲೆ. ನಮ್ಮ ಮಾವನಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಯಾರೂ ಹೇಳಿರಲಿಲ್ಲ. ಕಡಂಬುಟ್ಟು, ಪಂದಿಕರಿ ಬಾರಿಸಿ ಹೋದರು. ಬಂದದ್ದು 8.1. ಮನೆಯಲ್ಲಿ ಎರಡು ದಿನ ಯಾರಿಗೂ ಊಟ ಸೇರಲಿಲ್ಲ. ಮತ್ತೆ ಖಾಲಿ ಹೊಟ್ಟೆಯಲ್ಲಿ ಅಳೆದಾಗ 6.3. ಉಂಡ ಮೇಲೆ ಲಿವರಿಗೆ ರಕ್ತ ಜಾಸ್ತಿ ಹರಿದು ಅದು ಬಿಗಿಯುತ್ತದೆ, ಅದಕ್ಕೇ ಕನಿಷ್ಠ ಮೂರು ಗಂಟೆ ಏನೂ ತಿನ್ನಬಾರದು. ಲಿವರ್ ಊದಿಕೊಂಡಿದ್ದರೂ, ಹೃದಯ ಸೋತು ರಕ್ತ ಹಿಂದೆ ನಿಂತರೂ ಅಂಕಿ ಏರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರಂತೂ ತಟ್ಟುವ ಯಂತ್ರ ಕೈಚೆಲ್ಲುತ್ತದೆ, ಆ ಅಲೆ ನೀರು ದಾಟುವುದಿಲ್ಲ.

ವಿಪರೀತ ಕುಡಿಯುವವರು ಕುಡಿತ ನಿಲ್ಲಿಸಿದರೆ, ಕೆಲವೇ ವಾರಗಳಲ್ಲಿ ಅಂಕಿ ಇಳಿಯುವುದುಂಟು ಎಂದೂ ಡಾಕ್ಟರು ಹೇಳಿದರು. ಮಾವ ಕಿಟಕಿಯಾಚೆ ನೋಡಿದರು. ಮುಂದಿನ ತಿಂಗಳು ಮಗನ ಮದುವೆ. ನಮ್ಮಲ್ಲಿ ಮದುವೆ ಅಂದರೆ ಗೊತ್ತಲ್ವಾ!