ಸೆಂಟರ್ ಸ್ಟ್ಯಾಂಡ್ ಹಾಕೋಕೆ ತೋಳ್ಬಲ ಬೇಕಾ?

ಪ್ರಶ್ನೆ: ಮನೆಯಲ್ಲೇ ಚೈನ್ ಕ್ಲೀನ್ ಮಾಡೋಣ ಅಂತಿದ್ದೇನೆ. ಆದರೆ ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಎತ್ತೋಕೆ ಆಗ್ತಿಲ್ಲ, ನನಗೆ ಅಷ್ಟು ಬಲ ಇಲ್ಲ. ಜೀಪಿನ ಜಾಕ್ ಕೊಡಬಹುದಾ? ಅಥವಾ ಬೇರೆ ಸ್ಟ್ಯಾಂಡ್ ತಗೊಳ್ಳಬೇಕಾ?

ಕೊಡಗಿನಲ್ಲಿ ಮಳೆ ಕಡಿಮೆಯಾಗುತ್ತಿದ್ದ ಹಾಗೆ ಈ ಪ್ರಶ್ನೆ ಬಂದೇ ಬರುತ್ತದೆ. ಚೈನಿಗೆ ಮೆತ್ತಿದ ಕೆಂಪು ಮಣ್ಣು, ತುಕ್ಕು, ಕರಕರ ಸದ್ದು, ಇದನ್ನೆಲ್ಲ ನಾನು ವಿವರಿಸಬೇಕಿಲ್ಲ. ಹಿಂದಿನ ಚಕ್ರ ನೆಲ ಬಿಟ್ಟು ತಿರುಗಿದರೆ ಅರ್ಧ ಕೆಲಸ ಮುಗಿದ ಹಾಗೆ. ಎಲ್ಲರೂ ಸೋಲುವುದು ಅಲ್ಲೇ.

ನೇರ ಉತ್ತರ ಹೇಳಿಬಿಡುತ್ತೇನೆ. ಜಾಕ್ ಬೇಡ, ಹೊಸ ಸ್ಟ್ಯಾಂಡೂ ಬೇಡ. ಬೈಕಿಗೆ ಸೆಂಟರ್ ಸ್ಟ್ಯಾಂಡ್ ಇದೆಯಲ್ಲ, ಅದೇ ಸಾಕು. ಬಲ ಇಲ್ಲ ಅನ್ನುವ ಮಾತನ್ನು ಮಾತ್ರ ದಯವಿಟ್ಟು ಬಿಡಿ.

ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಯಿಂದ ಹೋಗುತ್ತಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕುವುದು ಅಂದರೆ ಬೈಕನ್ನು ಕೈಯಲ್ಲಿ ಎತ್ತುವುದು ಅಂತಲೇ ನಂಬಿದ್ದಾರೆ. ಸ್ಪ್ಲೆಂಡರ್ ತೂಕ ಸುಮಾರು 112 ಕೆ.ಜಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಆದರೆ 195 ಕೆ.ಜಿ. ಇದನ್ನು ಮೆಕ್ಯಾನಿಕ್ ಕೂಡ ಕೈಯಲ್ಲಿ ಎತ್ತುವುದಿಲ್ಲ. ನೀವು ಅವರ ತೋಳು ನೋಡುತ್ತೀರಿ. ನೋಡಬೇಕಾದ್ದು ಬಲಗಾಲು.

ಸ್ಟ್ಯಾಂಡನ್ನು ಒಮ್ಮೆ ಕೂತು ನೋಡಿ. ಕೆಳಗೆ ಇಳಿಸಿದಾಗ ಅದರ ಎರಡು ಕಾಲು ಓರೆಯಾಗಿ ನೆಲ ಮುಟ್ಟುತ್ತವೆ. ಬೈಕ್ ಹಿಂದಕ್ಕೆ ಸರಿದಂತೆ ಆ ಕಾಲುಗಳು ನೆಟ್ಟಗಾಗುತ್ತವೆ, ಆಗ ಬೈಕ್ ಮೇಲೇರುತ್ತದೆ. ನೆಟ್ಟಗಾದ ಮೇಲೂ ಸ್ವಲ್ಪ ದಾಟಿ ಹೋಗಿ ಕೂರುತ್ತದೆ. ಅದಕ್ಕೇ ಸುಮ್ನೆ ಕೆಳಗೆ ಬೀಳುವುದಿಲ್ಲ. ಅಂದರೆ ಇಲ್ಲಿ ಎತ್ತುವ ಕೆಲಸವೇ ಇಲ್ಲ. ಕಾಲಿಟ್ಟು ಒತ್ತುವುದು, ಬೈಕನ್ನು ಹಿಂದಕ್ಕೆ ಬಿಡುವುದು, ಅಷ್ಟೇ. ಸ್ಟ್ಯಾಂಡಿನ ಪಕ್ಕಕ್ಕೆ ಚಾಚಿದ ಕಡ್ಡಿ ಇರುವುದು ನೀವು ಅದರ ಮೇಲೆ ನಿಲ್ಲಲಿ ಅಂತ. ನಿಮ್ಮ ತೂಕ 55 ಕೆ.ಜಿ. ಇದ್ದರೂ ಸಾಕು, ಆ 55 ಪೂರ್ತಿ ಕಡ್ಡಿಯ ಮೇಲೆ ಬೀಳಬೇಕು.

ಹೀಗೆ ಮಾಡಿ. ಎಡಗಡೆ ನಿಂತು ಬೈಕನ್ನು ನೆಟ್ಟಗೆ ಮಾಡಿ. ಎಡಗೈ ಹ್ಯಾಂಡಲ್ ಮೇಲೆ, ಹ್ಯಾಂಡಲ್ ನೇರ ಇರಲಿ. ಬಲಗೈ ಸೀಟಿನ ಹತ್ತಿರದ ಹಿಡಿಕೆಯಲ್ಲಿ, ಸಿಕ್ಕಷ್ಟು ಕೆಳಗೆ. ಬಲಗಾಲಿನಿಂದ ಸ್ಟ್ಯಾಂಡ್ ಇಳಿಸಿ, ಬೈಕನ್ನು ಮೆಲ್ಲಗೆ ಆ ಕಡೆ ಈ ಕಡೆ ಅಲ್ಲಾಡಿಸಿ. ಸ್ಟ್ಯಾಂಡಿನ ಎರಡೂ ಕಾಲು ಟಕ್ ಅಂತ ನೆಲ ಮುಟ್ಟಿದ್ದು ಗೊತ್ತಾಗುತ್ತದೆ. ಒಂದೇ ಕಾಲು ಮುಟ್ಟಿದ್ದರೆ ಎಷ್ಟು ಒತ್ತಿದರೂ ಏಳುವುದಿಲ್ಲ, ಬೈಕ್ ವಾಲುತ್ತದೆ ಅಷ್ಟೇ. ಎರಡೂ ಮುಟ್ಟಿದ ಮೇಲೆ ಬೆನ್ನು ಬಗ್ಗಿಸದೆ ಕಡ್ಡಿಯ ಮೇಲೆ ಎದ್ದು ನಿಲ್ಲಿ. ಬಲಗೈ ದಾರಿ ತೋರಿಸಿದರೆ ಸಾಕು.

ಪಕ್ಕದ ಮನೆಯ ಅಕ್ಕ ಒಬ್ಬರಿಗೆ ಇದನ್ನು ಹೇಳಿಕೊಟ್ಟೆ. ಬೈಕ್ ಅವರ ಯಜಮಾನರದ್ದು, ಬುಲೆಟ್. ಮೊದಲು ಎರಡು ಕೈಯಲ್ಲಿ ಹಿಡಿಕೆ ಹಿಡಿದು ಮುಖ ಕೆಂಪಾಗುವಷ್ಟು ಎಳೆದರು. ಕೈ ಸಡಿಲ ಬಿಡಿ ಅಕ್ಕಾ, ಕಾಲ ಮೇಲೆ ನಿಲ್ಲಿ ಅಂದೆ. ನಿಂತರು, ಬೈಕ್ ಹಿಂದೆ ಸರಿದು ಕೂತಿತು. "ಅಣ್ಣಾ, ನಾನು ಎತ್ತಲೇ ಇಲ್ಲವಲ್ಲ!" ಅಂದರು. ಹೌದು, ಯಾರೂ ಎತ್ತುವುದಿಲ್ಲ. ಅವರು ಈಗ ತಮ್ಮ ಮಗಳಿಗೂ ಕಲಿಸಿದ್ದಾರೆ, ನನಗೆ ಬಹಳ ಖುಷಿ.

ಇಷ್ಟಾದರೂ ಏಳದಿದ್ದರೆ ನಮ್ಮ ಊರಿನಲ್ಲಿ ಕಾರಣ ಹೆಚ್ಚಾಗಿ ಒಂದೇ: ಬೈಕ್ ಗೇರಿನಲ್ಲಿರುತ್ತದೆ. ಇಳಿಜಾರಿನಲ್ಲಿ ಫಸ್ಟ್ ಗೇರಿಗೆ ಹಾಕಿ ನಿಲ್ಲಿಸುವುದು ನಮಗೆಲ್ಲ ರೂಢಿ, ಅದು ಸರಿಯೇ. ಆದರೆ ಗೇರಿನಲ್ಲಿದ್ದರೆ ಚಕ್ರ ಹಿಂದಕ್ಕೆ ಉರುಳುವುದಿಲ್ಲ. ನ್ಯೂಟ್ರಲ್ ಮಾಡಿ. ಹೆದರಿಕೆಗೆ ಮುಂದಿನ ಬ್ರೇಕ್ ಹಿಡಿಯುವವರೂ ಇದ್ದಾರೆ, ಅದನ್ನೂ ಬಿಡಿ. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಬೈಕ್ ತಗ್ಗಿ ಕೂತಿರುತ್ತದೆ, ಕಷ್ಟ ಜಾಸ್ತಿ. ಸ್ಟ್ಯಾಂಡ್ ತಿರುಗುವ ಜಾಗದಲ್ಲಿ ತುಕ್ಕು ಹಿಡಿದಿದ್ದರೆ ಗ್ರೀಸ್ ಹಾಕಿ.

ಆಮೇಲೂ ಭಾರ ಅನ್ನಿಸಿದರೆ ಹಿಂದಿನ ಚಕ್ರದ ಕೆಳಗೆ ಮುಕ್ಕಾಲು ಇಂಚಿನ ಸಿಲ್ವರ್ ಓಕ್ ಹಲಗೆ ಇಡಿ, ತೋಟದ ಮನೆಯಲ್ಲಿ ಅದಕ್ಕೇನು ಬರ ಇಲ್ಲ. ಚಕ್ರ ಹಲಗೆಯ ಮುಂದಿನ ತುದಿಯಲ್ಲಿರಲಿ, ಬೈಕ್ ಹಿಂದೆ ಸರಿಯಲು ಜಾಗ ಬೇಕು. ಸ್ಟ್ಯಾಂಡಿನ ಕಾಲು ಮಾತ್ರ ನೆಲದ ಮೇಲೇ ಇರಬೇಕು. ಏರಬೇಕಾದ ಎತ್ತರ ಅಷ್ಟು ಕಡಿಮೆಯಾಗುತ್ತದೆ.

ಜಾಗದ ಮಾತು. ಕುಶಾಲನಗರದ ಕಡೆಯವರಿಗೆ ಸಮ ನೆಲ ಸಿಗುತ್ತದೆ. ಮಡಿಕೇರಿಯವರಿಗೆ ಅಂಗಳವೇ ಇಳಿಜಾರು. ಸ್ವಲ್ಪ ಇಳಿಜಾರಿದ್ದರೆ ಬೈಕಿನ ಮೂತಿ ಏರಿನ ಕಡೆ ಇರಲಿ. ಮೂತಿ ಇಳಿಜಾರಿನ ಕಡೆ ಇದ್ದರೆ ಸಣ್ಣ ತಳ್ಳಾಟಕ್ಕೂ ಬೈಕ್ ಸ್ಟ್ಯಾಂಡ್ ಬಿಟ್ಟು ಮುಂದೆ ಬರುತ್ತದೆ. ಇಳಿಜಾರು ಜಾಸ್ತಿ ಇದ್ದರೆ ಅಲ್ಲಿ ಈ ಕೆಲಸವೇ ಬೇಡ. ಹಸಿ ಮಣ್ಣೂ ಬೇಡ, ಸ್ಟ್ಯಾಂಡ್ ಹೂತುಕೊಳ್ಳುತ್ತದೆ. ಸಿಮೆಂಟಿನ ಕಾಫಿ ಕಣ ಇದ್ದರೆ ಅದೇ ಒಳ್ಳೆಯ ಜಾಗ. ಕಾಫಿ ಹರಡುವುದಕ್ಕೆ ಮುಂಚೆ ಕೆಲಸ ಮುಗಿಸಿ, ಕೆಳಗೆ ದಪ್ಪ ರಟ್ಟು ಹಾಸಿ. ಚೈನ್ ತೊಳೆಯುವ ಸೀಮೆಎಣ್ಣೆಯ ವಾಸನೆ ಕಣಕ್ಕೆ ಹತ್ತಿದರೆ ಆ ವಾಸನೆ ಕಾಫಿಗೂ ಬರುತ್ತದೆ.

ಸೆಂಟರ್ ಸ್ಟ್ಯಾಂಡೇ ಇಲ್ಲದ ಬೈಕಾದರೆ ಹಿಂದಿನ ಚಕ್ರ ಎತ್ತುವ ಪ್ಯಾಡಾಕ್ ಸ್ಟ್ಯಾಂಡ್ ತಗೊಳ್ಳಿ. ಮೊದಮೊದಲು ಬೈಕ್ ಹಿಡಿಯಲು ಇನ್ನೊಬ್ಬರು ಇರಲಿ. ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿ ಇನ್ನೊಂದು ಕಡೆ ಕಲ್ಲು ಕೊಡುವುದು ಬೇಡವೇ ಬೇಡ. ಜೀಪಿನ ಜಾಕನ್ನು ಎಂಜಿನ್ ತಳಕ್ಕೆ ಕೊಟ್ಟರೆ ಕೇಸಿಂಗ್ ಒಡೆಯಬಹುದು, ಬೈಕ್ ಜಾರಿ ಕಾಲ ಮೇಲೂ ಬೀಳಬಹುದು.

ಚಕ್ರ ಮೇಲೆದ್ದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿ ಚೈನ್ ಒರೆಸಬೇಡಿ. ಬಟ್ಟೆ ಸ್ಪ್ರಾಕೆಟ್ಟಿಗೆ, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರಕ್ಕೆ, ಸಿಕ್ಕರೆ ಜೊತೆಗೆ ಬೆರಳೂ ಹೋಗುತ್ತದೆ. ಕೀ ತೆಗೆದು ಜೇಬಿನಲ್ಲಿಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಇನ್ನೊಂದು ವಿಷಯ, ಇದನ್ನು ಯಾರೂ ಕೇಳುವುದಿಲ್ಲ. ಚಕ್ರ ಗಾಳಿಯಲ್ಲಿ ನೇತಾಡುವಾಗ ಚೈನ್ ಲೂಸ್ ಕಾಣುತ್ತದೆ. ಅಯ್ಯೋ ಇಷ್ಟು ಲೂಸಾ ಅಂತ ಅಲ್ಲೇ ಟೈಟ್ ಮಾಡಿಬಿಡುತ್ತಾರೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ತಿರುಗುವ ಬೋಲ್ಟ್, ಹಿಂದಿನ ಚಕ್ರದ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ನೀವು ಕೂತಾಗ ಬೈಕ್ ಆ ಸ್ಥಿತಿಯ ಹತ್ತಿರ ಹೋಗುತ್ತದೆ. ಸ್ಟ್ಯಾಂಡಿನ ಮೇಲೆ ಪೂರ್ತಿ ಬಿಗಿ ಮಾಡಿದ ಚೈನ್, ಇಬ್ಬರು ಕೂತು ಹಳ್ಳಕ್ಕೆ ಇಳಿಸಿದಾಗ ಗೇರ್‌ಬಾಕ್ಸ್ ಬೇರಿಂಗನ್ನೇ ಎಳೆಯುತ್ತದೆ. ಹಲವು ಬೈಕುಗಳಿಗೆ ಇರಬೇಕಾದ ಲೂಸ್, ಅಂದರೆ ಚೈನ್ ಮೇಲೆ ಕೆಳಗೆ ಆಡುವ ಅಳತೆ, 20ರಿಂದ 30 ಮಿ.ಮೀ. ಆಸುಪಾಸು. ನಿಮ್ಮ ಬೈಕಿನ ಲೆಕ್ಕ, ಯಾವ ಸ್ಟ್ಯಾಂಡಿನ ಮೇಲೆ ಅಳೆಯಬೇಕು ಅನ್ನುವುದು ಎರಡೂ ಮ್ಯಾನುಯಲ್‌ನಲ್ಲಿದೆ. ಚೈನಿನ ಕೆಳಗಿನ ಸಾಲಿನ ನಡುಮಧ್ಯೆ ಸ್ಕೇಲ್ ಹಿಡಿದು, ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ. ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿಯ ಅಳತೆಯನ್ನೇ ಹಿಡಿದು ಅಡ್ಜಸ್ಟ್ ಮಾಡಿ.