ವರ್ಡ್‌ನಿಂದ ಲೇಟೆಕ್, ಟೈಪ್‌ಸ್ಟ್‌ಗೆ: ಪ್ಯಾರಾ ಇಂಡೆಂಟ್ ಎಲ್ಲಿ ಕೈಕೊಡುತ್ತದೆ

ಕಲಬುರಗಿಯಲ್ಲಿ ವಚನ, ಶಾಸನ, ಬಹಮನಿ ಇತಿಹಾಸ ಅಂತ ಪ್ರಬಂಧ ಬರೆಯುವವರ ಕಡತ ಸಾಮಾನ್ಯವಾಗಿ ನುಡಿ ತಂತ್ರಾಂಶದಲ್ಲೋ ವರ್ಡ್‌ನಲ್ಲೋ ಹುಟ್ಟಿರುತ್ತದೆ. ಅದನ್ನು ಆಜ್ಞೆಗಳಿಂದ ಪುಟ ಜೋಡಿಸುವ ತಂತ್ರಾಂಶಗಳಾದ ಲೇಟೆಕ್‌ಗೋ ಟೈಪ್‌ಸ್ಟ್‌ಗೋ ಒಯ್ದಾಗ ಅಕ್ಷರವೆಲ್ಲ ಸರಿ ಬಂದರೂ ಮೊದಲ ಸಾಲಿನ ಇಂಡೆಂಟ್ (ಒಳಸರಿತ) ಒಂದು ಕಡೆ ಮಾಯ, ಇನ್ನೊಂದು ಕಡೆ ಬೇಡದಲ್ಲಿ ಹಾಜರು. ವರ್ಡ್‌ನಲ್ಲಿ ಇಂಡೆಂಟ್ ಆಯಾ ಪ್ಯಾರಾಕ್ಕೆ ಅಂಟಿಕೊಂಡ ಗುಣ. ಉಳಿದೆರಡರಲ್ಲಿ ಅದು ಪ್ಯಾರಾದ ಹಿಂದೆ ಏನಿದೆ ಎಂದು ನೋಡಿ ತೀರ್ಮಾನವಾಗುವ ನಿಯಮ. ತೊಂದರೆಗಳು ಬಹುಪಾಲು ಈ ವ್ಯತ್ಯಾಸದಿಂದಲೇ ಬರುತ್ತವೆ. (ಆಜ್ಞೆಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ.)

ಮೊದಲು ವರ್ಡ್‌ನಲ್ಲೇ ಕಸ ತೆಗೆಯಿರಿ. ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿದರೆ ಅಡಗಿದ ಗುರುತುಗಳು ಕಾಣುತ್ತವೆ. ಸಾಲಿನ ಆರಂಭದಲ್ಲಿ ಚುಕ್ಕೆಗಳ ಸಾಲೋ ಬಾಣವೋ ಕಂಡರೆ ಅಲ್ಲಿರುವುದು ಸ್ಪೇಸ್ ಅಥವಾ ಟ್ಯಾಬ್ ಒತ್ತಿ ಮಾಡಿದ ಇಂಡೆಂಟ್. ಫೈಂಡ್‌ನಲ್ಲಿ ಕ್ಯಾರೆಟ್ (^) ಪಿ, ಕ್ಯಾರೆಟ್ ಡಬ್ಲ್ಯೂ ಎರಡನ್ನೂ ಬೆನ್ನುಬೆನ್ನಿಗೆ ಬರೆದು ಹುಡುಕಿ, ಬರೀ ಕ್ಯಾರೆಟ್ ಪಿ ಇಟ್ಟು ಬದಲಿಸಿದರೆ ಅವೆಲ್ಲ ಹೋಗುತ್ತವೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಲೇಟೆಕ್ ಸಾಲಿನ ಆರಂಭದ ಸ್ಪೇಸ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅಷ್ಟಾದರೆ ಪರವಾಗಿಲ್ಲ. ಆದರೆ ಪಠ್ಯವನ್ನು ಕಾಪಿ ಮಾಡಿ, ಸರಳ ಗುರುತುಗಳಿಂದ ಬರೆದು ಆಮೇಲೆ ಲೇಟೆಕ್‌ಗೆ ಪರಿವರ್ತಿಸುವ ಮಾರ್ಕ್‌ಡೌನ್‌ಗೆ ಅಂಟಿಸಿದರೆ, ಖಾಲಿ ಸಾಲಿನ ನಂತರ ಬರುವ 4 ಸ್ಪೇಸ್ ಅಥವಾ ಒಂದು ಟ್ಯಾಬ್ ಆ ಪ್ಯಾರಾವನ್ನು ಕೋಡ್ ಎಂದು ಮಾಡಿಬಿಡುತ್ತದೆ. ಕೋಡ್‌ಗೆ ಬಳಕೆಯಾಗುವ ಲ್ಯಾಟಿನ್ ಮಾಡರ್ನ್ ಮೋನೋ ಫಾಂಟ್‌ನಲ್ಲಿ ಕನ್ನಡವೇ ಇಲ್ಲ. ಪಿಡಿಎಫ್‌ನಲ್ಲಿ ಆ ಪ್ಯಾರಾದ ಜಾಗ ಖಾಲಿ ಉಳಿಯುತ್ತದೆ, ಲಾಗ್ ಕಡತದಲ್ಲಿ ಮಾತ್ರ ಮಿಸ್ಸಿಂಗ್ ಕ್ಯಾರೆಕ್ಟರ್ ಎಂಬ ಸಾಲುಗಳು ಸಿಗುತ್ತವೆ. ಇಂಡೆಂಟ್ ದೋಷವೊಂದು ಫಾಂಟ್ ದೋಷದ ವೇಷದಲ್ಲಿ ಬರುವುದು ಹೀಗೆ.

ಅಳತೆಯ ವಿಷಯ ಚಿಕ್ಕದು. ವರ್ಡ್‌ನ ರೂಢಿಯ ಮೊದಲ ಸಾಲಿನ ಇಂಡೆಂಟ್ 1.27 ಸೆಂ.ಮೀ., ಅಂದರೆ 36 ಪಾಯಿಂಟ್. 12 ಪಾಯಿಂಟ್ ಅಕ್ಷರಕ್ಕೆ 3 ಎಮ್ (ಒಂದು ಎಮ್ ಅಂದರೆ ಅಕ್ಷರದ ಗಾತ್ರದಷ್ಟು). ಲೇಟೆಕ್‌ನ ಆರ್ಟಿಕಲ್ ಕ್ಲಾಸ್ (ಪುಟವಿನ್ಯಾಸದ ಸಿದ್ಧ ಮಾದರಿ) 10 ಪಾಯಿಂಟ್ ಅಕ್ಷರಕ್ಕೆ 15 ಪಾಯಿಂಟ್, 12 ಪಾಯಿಂಟ್‌ಗೆ 1.5 ಎಮ್ ಇಡುತ್ತದೆ. ಅರ್ಧಕ್ಕೆ ಇಳಿದಂತೆ ಕಂಡರೆ ಹೆದರಬೇಕಿಲ್ಲ. ಪುಸ್ತಕದ ಪುಟಕ್ಕೆ 1.5 ಎಮ್ ಧಾರಾಳ ಸಾಕು. ಒಂದು ಎಚ್ಚರ: ಲೇಟೆಕ್‌ನ ಇಂಡೆಂಟ್ ಅಳತೆಯಾದ ಪಾರ್‌ಇಂಡೆಂಟ್‌ಗೆ ಎಮ್‌ನಲ್ಲಿ ಬೆಲೆ ಕೊಟ್ಟರೆ ಅದು ಆ ಕ್ಷಣದ ಫಾಂಟ್ ನೋಡಿ ಲೆಕ್ಕ ಹಾಕಿ ಅಲ್ಲಿಗೇ ನಿಲ್ಲುತ್ತದೆ. ಟೈಪ್‌ಸ್ಟ್‌ನಲ್ಲಿ ಅಕ್ಷರ ಚಿಕ್ಕದಾದರೆ ಇಂಡೆಂಟೂ ಚಿಕ್ಕದಾಗುತ್ತದೆ.

ಕಲಬುರಗಿ ಕೋಟೆಯ ಅಧ್ಯಾಯ ಎಂದಿಟ್ಟುಕೊಳ್ಳಿ: ಒಂದು ಹೆಡ್ಡಿಂಗ್, 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದದ್ದರ ಪ್ಯಾರಾ, ಜಾಮಿ ಮಸೀದಿಯ ಪ್ಯಾರಾ. ಲೇಟೆಕ್ ಹೆಡ್ಡಿಂಗ್ ಕೆಳಗಿನ ಮೊದಲ ಪ್ಯಾರಾವನ್ನು ಒಳಸರಿಸುವುದಿಲ್ಲ, ಎರಡನೆಯದನ್ನು ಸರಿಸುತ್ತದೆ. ಮೊದಲನೆಯದಕ್ಕೂ ಬೇಕಿದ್ದರೆ ಇಂಡೆಂಟ್‌ಫಸ್ಟ್ ಪ್ಯಾಕೇಜ್ ಸೇರಿಸಿ. ಇದೇ ಕಡತ ಪ್ಯಾನ್‌ಡಾಕ್ ಎಂಬ ಕಡತ ಪರಿವರ್ತಕದ ಮೂಲಕ ಬಂದರೆ ಕಥೆ ಬೇರೆ. ಅದರ ಲೇಟೆಕ್ ಟೆಂಪ್ಲೇಟ್ ಇಂಡೆಂಟನ್ನು ಸೊನ್ನೆ ಮಾಡಿ ಪ್ಯಾರಾಗಳ ನಡುವೆ ಜಾಗ ಬಿಡುತ್ತದೆ. ಇದು ಗೊತ್ತಿಲ್ಲದೆ ಪಾರ್‌ಇಂಡೆಂಟ್ ಬೆಲೆ ಸೇರಿಸಿದರೆ ಜಾಗವೂ ಇಂಡೆಂಟೂ ಎರಡೂ ನಿಂತು ಪುಟ ಅಂದಗೆಡುತ್ತದೆ. ಇಂಡೆಂಟ್ ಎಂಬ ವೇರಿಯಬಲ್‌ಗೆ ಟ್ರೂ ಕೊಡಿ, ಕ್ಲಾಸ್‌ನ ಮೂಲ ನಿಯಮ ಮರಳುತ್ತದೆ. ಇಂಡೆಂಟ್ ಬೇಡ, ಜಾಗವೇ ಇರಲಿ ಎನ್ನುವವರು ಪ್ಯಾರಾ ನಡುವಿನ ಜಾಗದ ಪಾರ್‌ಸ್ಕಿಪ್ ಅಳತೆಯನ್ನು ಕೈಯಾರೆ ಬದಲಿಸದೆ ಅದೇ ಹೆಸರಿನ ಪ್ಯಾಕೇಜ್ ಬಳಸಲಿ. ಇಲ್ಲವಾದರೆ ಪರಿವಿಡಿ, ಪಟ್ಟಿಗಳೂ ಹಿಗ್ಗುತ್ತವೆ.

ಟೈಪ್‌ಸ್ಟ್‌ನಲ್ಲಿ ಫಸ್ಟ್‌ಲೈನ್ ಇಂಡೆಂಟ್ ಮೊದಲಿಗೆ ಸೊನ್ನೆ. ಬೆಲೆ ಕೊಟ್ಟರೂ ಒಂದು ಪ್ಯಾರಾದ ಬೆನ್ನಿಗೇ ಬಂದ ಪ್ಯಾರಾಕ್ಕೆ ಮಾತ್ರ ಅದು ತಗಲುತ್ತದೆ. ಎಲ್ಲಕ್ಕೂ ಬೇಕಾದರೆ 0.13ನೇ ಆವೃತ್ತಿಯಿಂದ ಆಲ್ ಎಂಬ ಆಯ್ಕೆ ಇದೆ. ಜೊತೆಗೆ ಪ್ಯಾರಾ ಅಂತರ 1.2 ಎಮ್ ಇರುವುದನ್ನು ಸಾಲಿನ ಅಂತರದಷ್ಟೇ, ಅಂದರೆ 0.65 ಎಮ್‌ಗೆ ಇಳಿಸಿ.

ನಿಜವಾದ ಪೇಚು ವಚನದ ನಂತರ. ವಚನ ಮುಗಿದ ಮೇಲಿನ ಸಾಲು ಹಳೆಯ ವಾಕ್ಯದ ಮುಂದುವರಿಕೆಯೋ ಹೊಸ ಪ್ಯಾರಾವೋ? ಲೇಟೆಕ್‌ನಲ್ಲಿ ಪದ್ಯಕ್ಕೆ ಮೀಸಲಾದ ವರ್ಸ್ ಪರಿಸರ ಮುಗಿದ ಬಳಿಕ ಖಾಲಿ ಸಾಲು ಬಿಟ್ಟರೆ ಹೊಸ ಪ್ಯಾರಾ, ಬಿಡದಿದ್ದರೆ ಮುಂದುವರಿಕೆ. ಅಧಿಕಾರ ಬರೆಯುವವರ ಕೈಯಲ್ಲೇ ಇದೆ. ಪ್ಯಾನ್‌ಡಾಕ್ ಆದರೋ ಪ್ರತಿ ತುಂಡಿನ ನಡುವೆ ಖಾಲಿ ಸಾಲು ಹಾಕಿಯೇ ಹಾಕುತ್ತದೆ, ಹಾಗಾಗಿ ಇಂಡೆಂಟ್‌ಗೆ ಟ್ರೂ ಕೊಟ್ಟಿದ್ದರೆ ಮುಂದುವರಿಕೆಯೂ ಒಳಸರಿಯುತ್ತದೆ. ಅಲ್ಲಿ ಇಂಡೆಂಟ್ ತಡೆಯುವ ನೋಇಂಡೆಂಟ್ ಆಜ್ಞೆ ಹಾಕಬೇಕು. ಟೈಪ್‌ಸ್ಟ್‌ನಲ್ಲಿ ಇದರ ಉಲ್ಟಾ: ಹಿಂದಿರುವುದು ವಚನದ ಬ್ಲಾಕ್ ಆದ್ದರಿಂದ, ಆಲ್ ಆಯ್ಕೆ ಬಳಸದಿದ್ದರೆ, ಹೊಸ ಪ್ಯಾರಾ ಕೂಡ ಅಂಚಿಗೇ ನಿಲ್ಲುತ್ತದೆ. ಅದರ ಆರಂಭದಲ್ಲಿ ಅಡ್ಡ ಜಾಗ ಬಿಡುವ ಎಚ್ ಆಜ್ಞೆಗೆ 1.5 ಎಮ್ ಕೊಟ್ಟು ತಳ್ಳಬೇಕು.

ವಚನದ ಸಾಲುಗಳನ್ನು ವರ್ಡ್‌ನಲ್ಲಿ ಶಿಫ್ಟ್ ಎಂಟರ್‌ನಿಂದ ಮುರಿಯಿರಿ, ಮಾರ್ಕ್‌ಡೌನ್‌ನಲ್ಲಿ ಪ್ರತಿ ಸಾಲಿನ ಮುಂದೆ ಪೈಪ್ ಗೆರೆ ಮತ್ತು ಒಂದು ಸ್ಪೇಸ್ ಇಡಿ. ಆದರೆ ಲೇಟೆಕ್‌ನ ಗದ್ಯದಲ್ಲಿ ಪ್ಯಾರಾ ಮುರಿಯಲು ಜೋಡಿ ಬ್ಯಾಕ್‌ಸ್ಲ್ಯಾಷ್ ಬಳಸಬೇಡಿ: ಸಾಲು ಮುರಿಯುತ್ತದೆ, ಪ್ಯಾರಾ ಹುಟ್ಟುವುದಿಲ್ಲ, ಇಂಡೆಂಟೂ ಬರುವುದಿಲ್ಲ. ಇನ್ನು ವರ್ಡ್‌ನಲ್ಲಿ ಎಡ ಅಂಚನ್ನೇ ಒಳಗೆ ಸರಿಸಿದ ಪ್ಯಾರಾಗಳನ್ನು ಪ್ಯಾನ್‌ಡಾಕ್ ಉದ್ಧರಣೆ ಎಂದು ಓದುತ್ತದೆ. ವಚನಕ್ಕೆ ಅನುಕೂಲ, ಅಂದಕ್ಕೆಂದು ಇಡೀ ಅಧ್ಯಾಯವನ್ನು ಸರಿಸಿದ್ದರೆ ಅಧ್ಯಾಯವೇ ಉದ್ಧರಣೆಯಾಗುತ್ತದೆ.

ಮಾರ್ಗದರ್ಶಕರು ವರ್ಡ್ ಕಡತವೇ ಬೇಕೆಂದರೆ ಪ್ಯಾನ್‌ಡಾಕ್‌ನ ರೆಫರೆನ್ಸ್ ಡಾಕ್ಸ್ (ಸ್ಟೈಲ್‌ಗಳಿಗೆ ಮಾದರಿಯಾಗುವ ವರ್ಡ್ ಕಡತ) ತೆರೆದು ಬಾಡಿ ಟೆಕ್ಸ್ಟ್ ಸ್ಟೈಲ್‌ಗೆ ಇಂಡೆಂಟ್ ಕೊಡಿ. ಹೆಡ್ಡಿಂಗ್ ಕೆಳಗಿನ ಪ್ಯಾರಾಕ್ಕೆ ಬರುವ ಫಸ್ಟ್ ಪ್ಯಾರಾಗ್ರಾಫ್ ಸ್ಟೈಲ್ ಅದರಿಂದಲೇ ಹುಟ್ಟಿದ್ದು, ಆದ್ದರಿಂದ ಅದನ್ನು ಬೇರೆಯಾಗಿ ಸೊನ್ನೆ ಮಾಡಬೇಕು. ಕಾಂಪ್ಯಾಕ್ಟ್ ಸ್ಟೈಲ್ ಕೂಡ ಅದೇ ಬಳಗದ್ದು. ಅದನ್ನು ಬಿಟ್ಟರೆ ಟೇಬಲ್‌ನ ಪ್ರತಿ ಕೋಶದಲ್ಲೂ ಅಕ್ಷರ ಒಳಗೆ ಸರಿದು ನಿಲ್ಲುತ್ತದೆ.